ಬೈಗುಳ ಬಿಟ್ಟ ಬಡಗಿ

“ಉಪದೇಶಿಗಳೇ, ಒಳಗೆ ಸಿಟ್ಟು ಕುದಿಯುತ್ತಿರುವಾಗ ಹೊರಗೆ ಸಮಾಧಾನದಿಂದ ನಡೆದುಕೊಂಡರೆ ಅದು ಕಪಟವಲ್ಲವೇ?” ಎಂದು ಜ್ಞಾನಪ್ರಕಾಶ ಕೇಳಿದ.

ಅವನು ಉಪದೇಶಿ ಚೌರಪ್ಪನವರ ಬಳಿ ಕ್ರೈಸ್ತ ಧರ್ಮೋಪದೇಶ ಕಲಿಯಲು ಬಂದು ಎರಡು ವರ್ಷವಾಗಿತ್ತು. ಜೊತೆಯಲ್ಲಿ ಕಲಿಯುತ್ತಿದ್ದ ಒಬ್ಬನ ಮೇಲೆ ಕೋಪ ಬಂದು ಮೂರು ದಿನವಾಗಿತ್ತು. ಆ ಮೂರು ದಿನವೂ ಅವನ ಪಕ್ಕದಲ್ಲಿ ಉಣ್ಣಲು ಕೂತಿರಲಿಲ್ಲ. ಮನಸ್ಸಿನಲ್ಲಿ ಪ್ರೀತಿ ಇಲ್ಲದೆ ಮುಖದಲ್ಲಿ ನಗು ತೋರಿಸುವುದು ಸುಳ್ಳು, ಮೊದಲು ಮನಸ್ಸು ತಿಳಿಯಾಗಲಿ, ಆಮೇಲೆ ಮಾತು ತಾನಾಗಿ ಬರುತ್ತದೆ ಎನ್ನುವುದು ಅವನ ವಾದ.

ಚೌರಪ್ಪನವರು ಕೂತುಕೋ ಎಂದು ಕೈಸನ್ನೆ ಮಾಡಿ ಕತೆ ಶುರು ಮಾಡಿದರು.

ಒಬ್ಬ ಬಡಗಿ ಇದ್ದ. ಕೈ ಚಿನ್ನ, ಬಾಯಿ ಕೆಂಡ. ಅವನು ಕೂರಿಸಿದ ಬಾಗಿಲು ಮಳೆಗಾಲದಲ್ಲಿ ಬಿಗಿಯುತ್ತಿರಲಿಲ್ಲ, ಬೇಸಿಗೆಯಲ್ಲಿ ಬಿರುಕು ಬಿಡುತ್ತಿರಲಿಲ್ಲ. ಆದರೆ ಬಾಗಿಲು ಕೂರಿಸಿ ಮುಗಿಸುವಷ್ಟರಲ್ಲಿ ಆ ಮನೆಯವರು ತಮ್ಮ ವಂಶದ ಬಗ್ಗೆ ತಮಗೇ ಗೊತ್ತಿಲ್ಲದ ಎಷ್ಟೋ ಸಂಗತಿಗಳನ್ನು ಕೇಳಿಸಿಕೊಂಡಿರುತ್ತಿದ್ದರು. ಕೋಪ ಅವನಿಗೆ ಮೂಗಿನ ತುದಿಯಲ್ಲಿತ್ತು ಎಂದರೆ ಕಡಿಮೆಯಾಯಿತು. ಅದು ಮೂಗಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆಯುತ್ತಿತ್ತು.

ಮನುಷ್ಯ ಕೆಟ್ಟವನಲ್ಲ. ಬೈದು ಮುಗಿಸಿದ ಮೇಲೆ ಅವನಿಗೆ ಮನಸ್ಸು ಹಗುರವಾಗುತ್ತಿತ್ತು. ಬೈಸಿಕೊಂಡವರಿಗೂ ಹಾಗೇ ಹಗುರವಾಗಿರಬೇಕು ಎಂದು ಅವನು ತಿಳಿದಿದ್ದ. ಪೂಜೆ ತಪ್ಪಿಸಿದವನಲ್ಲ, ಜಪಮಾಲೆ ಬಿಟ್ಟವನಲ್ಲ. ದೇವಾಲಯದಲ್ಲಿ ಮೊಣಕಾಲೂರಿದಾಗ ಅವನಷ್ಟು ಸಾಧು ಮತ್ತೊಬ್ಬನಿರಲಿಲ್ಲ. ಹೊಸ್ತಿಲು ದಾಟಿ ಹೊರಗೆ ಬಂದು, ತನ್ನ ಚಪ್ಪಲಿಯ ಮೇಲೆ ಯಾರೋ ಚಪ್ಪಲಿ ಬಿಟ್ಟಿರುವುದು ಕಂಡಿತೋ, ಮುಗಿಯಿತು.

ಕೆಲಸ ಕಲಿಯಲು ಬಂದವರು ಯಾರೂ ಅವನ ಹತ್ತಿರ ನಿಲ್ಲಲಿಲ್ಲ. ಒಬ್ಬ ತಿಂಗಳಿಗೆ ಹೋದ. ಇನ್ನೊಬ್ಬ ಮಧ್ಯಾಹ್ನ ಊಟ ಮಾಡಿ ಬರುತ್ತೇನೆಂದು ಹೋದವನು ಇವತ್ತಿನವರೆಗೂ ಉಣ್ಣುತ್ತಲೇ ಇದ್ದಾನೆ. ಬಡಗಿಗೆ ಇದ್ದದ್ದು ಒಬ್ಬಳೇ ಮಗಳು. ಅವಳಿಗೆ ಮದುವೆ ಮಾಡಿ ಅಳಿಯನನ್ನು ಮನೆಯಲ್ಲೇ ಇಟ್ಟುಕೊಂಡು ಕಸುಬು ಕಲಿಸಲು ತೊಡಗಿದ. ಅಳಿಯನ ಹೆಸರು ಇನ್ನಾಸಪ್ಪ.

ಬೇರೆ ಮನೆಗಳಲ್ಲಿ ಅಳಿಯ ಬಂದರೆ ಕುರ್ಚಿ ಹಾಕುತ್ತಾರೆ, ಕಾಫಿ ಕೊಡುತ್ತಾರೆ. ಈ ಮನೆಯಲ್ಲಿ ಅಳಿಯನಿಗೆ ಬೆಳಗಾಗುತ್ತಿದ್ದದ್ದೇ “ಲೋ” ಎಂಬ ಕೂಗಿನಿಂದ. ಇನ್ನಾಸಪ್ಪ ಸೌಮ್ಯ ಹುಡುಗ. ಮಾವ ಎದುರಿಗೆ ನಿಂತರೆ ಅವನ ಉಳಿ ಗೆರೆ ಬಿಟ್ಟು ಓಡುತ್ತಿತ್ತು. ಗೆರೆ ಬಿಟ್ಟರೆ ಬೈಗುಳ. ಬೈಗುಳ ಬಿದ್ದರೆ ಕೈ ನಡುಕ. ಕೈ ನಡುಗಿದರೆ ಉಳಿ ಮತ್ತೆ ಗೆರೆ ಬಿಡುತ್ತಿತ್ತು. ಹೀಗೆ ಒಂದು ವರ್ಷ ಕಳೆಯಿತು.

ಯೇಸು ಸತ್ತು ಎದ್ದ ಪಾಸ್ಕ ಹಬ್ಬಕ್ಕೆ ಮುಂಚೆ ನಲವತ್ತು ದಿನ ಆಚರಿಸುವ ತಪಸ್ಸುಕಾಲ ಬರಲು ಒಂದು ದಿನ ಇದೆ ಎನ್ನುವಾಗ ಬಡಗಿಯ ಹೆಂಡತಿ ಗಂಡನ ಮುಂದೆ ಬಂದು ನಿಂತಳು.

“ಅಳಿಯಂದ್ರು ಗಂಟು ಕಟ್ಟವ್ರೆ. ಇನ್ನೊಂದೇ ಒಂದು ಸಲ ನೀವು ಬಾಯಿ ಹಾಕಿದ್ರೆ ಮಗಳನ್ನ ಕರ್ಕೊಂಡು ಅವರಣ್ಣನ ಊರಿಗೆ ಹೊಂಟೋಯ್ತಾರಂತೆ. ಇರಿ ಅನ್ನೋಕೆ ನಂಗೂ ಮುಖ ಇಲ್ಲ” ಎಂದಳು.

“ಹೋಗ್ಲಿ ಬುಡು” ಎಂದ ಬಡಗಿ.

ಹಾಗೆಂದವನಿಗೆ ಮಗಳಿಲ್ಲದ ಮನೆಯನ್ನು ನೆನೆದು ಹೆದರಿಕೆಯಾಯಿತು. ಕಸುಬು ತನ್ನೊಂದಿಗೇ ಮಣ್ಣಿಗೆ ಹೋಗುತ್ತದಲ್ಲ ಎಂದು ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಆದರೆ ಇರು ಎಂದು ಅಳಿಯನಿಗೆ ಹೇಳುವ ಬಾಯಿ ಅವನಿಗಿರಲಿಲ್ಲ. ಇದ್ದ ಬಾಯಿ ಬೇರೆಯದು.

ಮರುದಿನ ವಿಭೂತಿ ಬುಧವಾರ. ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಹಣೆಗೆ ಬೂದಿ ಹಚ್ಚಿಸಿಕೊಂಡ ಮೇಲೆ ಮನೆಯ ಯಜಮಾನ ದೇವಾಲಯದ ಗುರುಗಳಾದ ಸ್ವಾಮಿಯವರ ಎದುರು ನಿಂತು ಪಾಸ್ಕ ಹಬ್ಬದವರೆಗೆ ತಾನು ಏನು ಬಿಡುತ್ತೇನೆಂದು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಒಬ್ಬ ಬೀಡಿ ಬಿಡುತ್ತಿದ್ದ, ಒಬ್ಬ ಹೆಂಡ ಬಿಡುತ್ತಿದ್ದ. ಬಡಗಿ ಪ್ರತಿ ವರ್ಷವೂ ಮಾಂಸ ಬಿಡುತ್ತಿದ್ದ. ಮಾಂಸ ಬಿಟ್ಟ ಬಡಗಿಗೆ ಹಸಿವು ಹೆಚ್ಚು, ಹಸಿದ ಬಡಗಿಗೆ ಕೋಪ ಹೆಚ್ಚು. ಆದ್ದರಿಂದ ತಪಸ್ಸುಕಾಲ ಬಂತೆಂದರೆ ಆ ಮನೆಯಲ್ಲಿ ನಿಜವಾದ ತಪಸ್ಸು ಮಾಡುತ್ತಿದ್ದವರು ಉಳಿದವರು.

ಅವನು ಎಂದಿನಂತೆ “ಮಾಂಸ” ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಹೆಂಡತಿ ಹೆಂಗಸರ ಸಾಲಿನಿಂದ ಎದ್ದು ಬಂದಳು.

“ಸ್ವಾಮಿ, ಶುಕ್ರವಾರ ಒಂದು ಬಿಟ್ಟು ದಿನಾ ಇವರು ಬಾಡು ತಿನ್ನಲಿ, ನಾನೇ ಬೇಯಿಸಿ ಹಾಕ್ತೀನಿ. ಆ ಬಾಯೊಂದನ್ನ ಬಿಡಲಿ.”

ದೇವಾಲಯ ಎನ್ನುವುದನ್ನೂ ಮರೆತು ಜನ ನಕ್ಕರು. ಸ್ವಾಮಿಯವರು ನಗಲಿಲ್ಲ. “ಪಾಸ್ಕದವರೆಗೆ ಯಾರನ್ನೂ ಬೈಯುವ ಹಾಗಿಲ್ಲ. ಆಗುತ್ತದೋ?” ಎಂದು ಬಡಗಿಯನ್ನು ಕೇಳಿದರು. ಇಡೀ ಊರು ಅವನ ಬಾಯನ್ನೇ ನೋಡುತ್ತಿತ್ತು. ಕಂಬದ ಮರೆಯಲ್ಲಿ ಮಗಳು ನಿಂತಿದ್ದಳು. ಬಡಗಿ “ಆಯ್ತದೆ” ಎಂದುಬಿಟ್ಟ. ಆಡಿದ ಮಾತಿಗೆ ತಪ್ಪುವವನಲ್ಲ ಅವನು. ಆ ಒಂದು ಗುಣ ಇಲ್ಲದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಪೂಜೆ ಮುಗಿಸಿ ಮನೆಯ ಕಡೆ ಹೊರಟವನು ಅರ್ಧ ದಾರಿಯಿಂದ ವಾಪಸು ಬಂದ. “ಸ್ವಾಮಿ, ನಲವತ್ತು ದಿನದಲ್ಲಿ ಭಾನುವಾರ ಸೇರಲ್ಲ ಅಂತಾರಲ್ಲ. ಭಾನುವಾರ ಬೈಬೋದಾ?” ಎಂದು ಕೇಳಿದ.

“ಭಾನುವಾರ ಬೇಕಾದರೆ ಎರಡು ತುಂಡು ಹೆಚ್ಚು ತಿನ್ನು. ಬೈಗುಳಕ್ಕೆ ರಜೆಯಿಲ್ಲ” ಎಂದರು ಸ್ವಾಮಿಯವರು.

ಮರುದಿನವೇ ಪರೀಕ್ಷೆ ಬಂತು. ಇನ್ನಾಸಪ್ಪ ಒಂದು ಕಿಟಕಿಯ ಬಾಗಿಲಿಗೆ ಕೀಲನ್ನು ತಲೆಕೆಳಗಾಗಿ ಬಡಿದಿದ್ದ. ಬಡಗಿ ನೋಡಿದ. ಎಂದಿನ ಮಾತುಗಳು ಒಂದರ ಹಿಂದೊಂದು ಗಂಟಲಿಗೆ ಬಂದು ನಿಂತವು. ಅಳಿಯ ಕಣ್ಣು ಮುಚ್ಚಿಕೊಂಡು ಕಾದ. ಅಡುಗೆಮನೆಯಲ್ಲಿ ಹೆಂಡತಿ ಸೌಟು ಹಿಡಿದು ನಿಂತಳು. ಬಡಗಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗಲಾರ, ಉಗುಳಲಾರ. ಕಡೆಗೆ ಅವನ ಬಾಯಿಂದ ಹೊರಬಿದ್ದದ್ದು ಎರಡೇ ಮಾತು.

“ಪಾಸ್ಕ ಆಗಲಿ.”

ಆಡಿದ ಮೇಲೆ ಅವನಿಗೇ ಆ ಮಾತು ಹಿಡಿಸಿತು. ಬೈಯಬಾರದು ಎಂದಿದ್ದರು, ನಿಜ. ಬೈಗುಳವನ್ನು ಮುಂದಕ್ಕೆ ಹಾಕಬಾರದು ಎಂದು ಯಾರೂ ಹೇಳಿರಲಿಲ್ಲ. ಅಂದಿನಿಂದ ಅವನು ಬೈಯುವುದನ್ನು ಬಿಟ್ಟ, ಕೂಡಿಡಲು ಶುರು ಮಾಡಿದ. ಉಜ್ಜುಗೊರಡು ತಳ್ಳುತ್ತಾ ಹಬ್ಬದ ದಿನ ಯಾರಿಗೆ ಏನು ಹೇಳಬೇಕೆಂದು ಒಂದೊಂದೇ ಮಾತನ್ನು ಹದ ಮಾಡುತ್ತಿದ್ದ. ಹಲಗೆ ನುಣುಪಾಗುತ್ತಿತ್ತು, ಬೈಗುಳ ಹರಿತವಾಗುತ್ತಿತ್ತು.

“ಒಳಗೊಳಗೇ ಬೈತಾ ಇದ್ದೀರಿ, ಮುಖ ನೋಡಿದ್ರೇನೇ ಗೊತ್ತಾಯ್ತದೆ” ಎಂದಳು ಹೆಂಡತಿ.

“ಒಳಗೆ ಬೈಬ್ಯಾಡ ಅಂತ ಸ್ವಾಮಿ ಹೇಳಿಲ್ಲ ಕಣೇ” ಎಂದ ಬಡಗಿ.

ಊರಿಗೆ ಇದೊಂದು ಮೋಜಾಯಿತು. ಮರದ ವ್ಯಾಪಾರಿ ಬಿರುಕು ಬಿಟ್ಟ ತೊಲೆಗಳನ್ನು ತಂದು ಅಂಗಳದಲ್ಲಿ ಇಳಿಸಿದ. ಬಡಗಿ ತೊಲೆ ನೋಡಿದ, ವ್ಯಾಪಾರಿಯ ಮುಖ ನೋಡಿದ, “ಪಾಸ್ಕ ಆಗಲಿ” ಎಂದ. ಓಣಿಯ ಕೊನೆಯ ಮನೆಯ ವಿಧವೆ ಮೂರು ವರ್ಷದಿಂದ ಹೇಳಲು ಧೈರ್ಯವಿಲ್ಲದೆ ಇಟ್ಟುಕೊಂಡಿದ್ದ ಒಂದು ದೂರನ್ನು ಹೊತ್ತು ಬಂದಳು. ಅವನು ಮಾಡಿಕೊಟ್ಟ ಮಣೆ ಅಲುಗಾಡುತ್ತದಂತೆ. ತಾನು ಮಾಡಿದ ಮಣೆ ಅಲುಗಾಡುವುದೆಂದರೇನು? ಬೇರೆ ದಿನವಾಗಿದ್ದರೆ ಆಕೆ ಬಾಗಿಲು ದಾಟುವ ಮೊದಲೇ ಓಡಿಹೋಗುತ್ತಿದ್ದಳು. ಈಗ ಬೈಯುವಂತಿಲ್ಲ. ಬೈಯದಿದ್ದ ಮೇಲೆ ಕೇಳಿಸಿಕೊಳ್ಳುವುದನ್ನು ಬಿಟ್ಟು ಮಾಡುವುದಕ್ಕೆ ಏನೂ ಇರಲಿಲ್ಲ. ಅವಳು ಹೇಳಿ ಮುಗಿಸಿದಳು. ಇವಳ ಮನೆಯ ನೆಲವೇ ಸೊಟ್ಟಗಿರಬೇಕು, ಅದನ್ನು ತೋರಿಸಿಯೇ ಬಿಡುತ್ತೇನೆ ಎಂದು ಬಡಗಿ ಅವಳ ಹಿಂದೆ ಹೋದ. ನೆಲ ನೆಟ್ಟಗಿತ್ತು. ಮಣೆಯ ಒಂದು ಕಾಲು ಅರ್ಧ ಬೆರಳು ಗಿಡ್ಡವಿತ್ತು. ಅವನು ಏನೂ ಮಾತಾಡದೆ ಹೊಸ ಕಾಲು ಹಾಕಿಕೊಟ್ಟು ಬಂದ. ದಾರಿಯುದ್ದಕ್ಕೂ ಅವನಿಗೆ ಆಕೆಯ ಮೇಲೆ ಸಿಟ್ಟಿತ್ತು.

ಹೀಗೆಂದು ಅವನು ಸಂತನಾದ ಎಂದು ತಿಳಿಯಬೇಡ, ಎಂದರು ಚೌರಪ್ಪನವರು. ಒಳಗೆ ಕೊಪ್ಪರಿಗೆ ಕುದಿಯುತ್ತಲೇ ಇತ್ತು. ಇನ್ನಾಸಪ್ಪ ತಪ್ಪು ಮಾಡಿದಾಗಲೆಲ್ಲ ಅವನು ಹಲ್ಲು ಕಚ್ಚಿ, “ಪಾಸ್ಕ ಆಗಲಿ” ಎಂದು ಎದ್ದು ಕೆರೆ ಏರಿಯವರೆಗೆ ನಡೆದುಬಿಡುತ್ತಿದ್ದ. ದಿನಕ್ಕೆ ನಾಲ್ಕೈದು ಸಲ ಆ ಏರಿ ನೋಡಿದ. ಆದರೆ ಒಂದು ವಿಚಿತ್ರ ಅವನ ಕಣ್ಣಿಗೆ ಬಿತ್ತು. ಏರಿಯಿಂದ ವಾಪಸು ಬರುವಷ್ಟರಲ್ಲಿ ಕೆಟ್ಟಿದ್ದ ಕೆಲಸ ಸರಿಯಾಗಿರುತ್ತಿತ್ತು. ಬರೀ ಸರಿಯಲ್ಲ, ಅಚ್ಚುಕಟ್ಟಾಗಿರುತ್ತಿತ್ತು. ಬಡಗಿ ಅದನ್ನು ಸಂತ ಜೋಸೆಫರ ಕೃಪೆ ಎಂದುಕೊಂಡ. ಸಂತರೂ ಬಡಗಿಯೇ ಅಲ್ಲವೇ, ಕಸುಬಿನವರ ಕಷ್ಟ ಅವರಿಗೆ ತಿಳಿಯುತ್ತದೆ. ಅಳಿಯನ ಕೈಗುಣ ಎಂದು ಅವನಿಗೆ ಹೊಳೆಯಲಿಲ್ಲ.

ಗರಿಗಳ ಭಾನುವಾರ ಕಳೆಯಿತು. ಇನ್ನು ಒಂದು ವಾರ ತಡೆದರೆ ಆಯಿತು. ಮಂಗಳವಾರ ಬಡಗಿ ಬಾಗಿಲು ಕೂರಿಸಲು ಪಕ್ಕದ ಊರಿಗೆ ಹೋದ. ಬುಧವಾರ ಮಧ್ಯಾಹ್ನ ಮನೆಗೆ ಬಂದು ಕೈಕಾಲು ತೊಳೆದು, ಅಭ್ಯಾಸದಂತೆ ಅಟ್ಟದ ಕಡೆ ಕಣ್ಣು ಹಾಯಿಸಿದ. ಅಟ್ಟ ಖಾಲಿ.

ಅಲ್ಲಿ ನಾಲ್ಕು ಹೊನ್ನೆ ಹಲಗೆ ಇದ್ದವು. ಹನ್ನೊಂದು ವರ್ಷದ ಹಿಂದೆ ಕೊಯ್ಸಿ ನೆರಳಲ್ಲಿ ಒಣಗಿಸಿದ ಹಲಗೆ, ಒಂದು ಗಂಟಿಲ್ಲ, ಒಂದು ಸೀಳಿಲ್ಲ. ಅವು ಯಾವುದಕ್ಕೆಂದು ಅವನು ಯಾರಿಗೂ ಹೇಳಿರಲಿಲ್ಲ. ಊರಿನ ಸತ್ತವರಿಗೆಲ್ಲ ಶವಪೆಟ್ಟಿಗೆ ಮಾಡಿಕೊಟ್ಟವನು ಅವನು. ಅವಸರದಲ್ಲಿ ಸಿಕ್ಕಿದ ಮರ ಹೊಡೆದು ಮಾಡುವ ಪೆಟ್ಟಿಗೆಗಳನ್ನು ಕಂಡು ಕಂಡು ಅವನಿಗೆ ಬೇಸರ ಬಂದಿತ್ತು. ತನ್ನದಾದರೂ ಒಳ್ಳೆಯ ಮರದಲ್ಲಿ ಇರಲಿ ಎಂದು ಆ ನಾಲ್ಕು ಹಲಗೆ ಎತ್ತಿಟ್ಟಿದ್ದ.

“ಹಲಗೆ ಎಲ್ಲಿ?” ಎಂದ. ದನಿ ಮೆತ್ತಗಿತ್ತು.

ಇನ್ನಾಸಪ್ಪ ಹೇಳಿದ. ಶುಭ ಶುಕ್ರವಾರ ಸತ್ತ ಯೇಸುವಿನ ಸ್ವರೂಪವನ್ನು ಮಲಗಿಸಿ ಊರೊಳಗೆ ಹೊತ್ತು ತಿರುಗುವ ಮಂಚ ಇತ್ತಲ್ಲ, ಅದನ್ನು ಮಂಗಳವಾರ ಹೊರಗೆ ತೆಗೆದರೆ ಅರ್ಧ ಗೆದ್ದಲು ತಿಂದಿತ್ತು. ಸ್ವಾಮಿಯವರು ಹೇಳಿ ಕಳಿಸಿದರು. ಮರ ತರಲು ಹೊತ್ತಿರಲಿಲ್ಲ, ಕೇಳೋಣವೆಂದರೆ ಮಾವ ಊರಲ್ಲಿರಲಿಲ್ಲ. ಮನೆಯಲ್ಲಿದ್ದ ಒಳ್ಳೆಯ ಮರ ಅದೊಂದೇ. “ಯೇಸುಸ್ವಾಮಿಗೆ ಅಲ್ವಾ ಅಂತ ಕುಯ್ದೆ ಮಾವ. ಮಂಚ ಮಾಡಿ ಕೊಟ್ಟುಬಂದೆ.”

ಬಡಗಿಯ ಮುಖ ಕಪ್ಪಿಟ್ಟಿತು. ಹೆಂಡತಿ ಓಡಿ ಬಂದಳು. ಹಲಗೆ ಯಾವುದಕ್ಕೆಂದು ಬಡಗಿ ಆಗ ಹೇಳಿದ. ಹೆಂಡತಿ, “ಅರಿಮತಾಯದ ಜೋಸೆಫ್ ತನಗೆ ಅಂತ ಮಾಡಿಸಿಕೊಂಡಿದ್ದ ಸಮಾಧೀನೇ ಯೇಸುಸ್ವಾಮಿಗೆ ಬಿಟ್ಟುಕೊಡಲಿಲ್ವಾ? ಹಂಗೇ ಅಂದ್ಕೊಳ್ಳಿ” ಎಂದಳು.

“ಅವನು ತಾನಾಗಿ ಕೊಟ್ಟ ಕಣೇ. ಅವನು ಊರಲ್ಲಿಲ್ಲದಾಗ ಅವನ ಅಳಿಯ ಹೋಗಿ ಕೊಟ್ಟುಬರಲಿಲ್ಲ!” ಎಂದ ಬಡಗಿ.

ಆಮೇಲೆ ಅಳಿಯನ ಕಡೆ ತಿರುಗಿ, “ಪಾಸ್ಕ ಆಗಲಿ” ಎಂದ. ಆ ಮಾತನ್ನು ಆ ಮನೆಯವರು ತಪಸ್ಸುಕಾಲದುದ್ದಕ್ಕೂ ಕೇಳಿದ್ದರು. ಈ ಸಲ ಅದರಲ್ಲಿ ನಗುವುದಕ್ಕೆ ಏನೂ ಇರಲಿಲ್ಲ. ಮಗಳು ಒಳಗೆ ಹೋಗಿ ಅಳುತ್ತಾ ತನ್ನ ಸೀರೆಗಳನ್ನು ಗಂಡನ ಗಂಟಿಗೆ ಸೇರಿಸಿದಳು. ಹಬ್ಬದ ದಿನ ಅಪ್ಪ ಬಾಯಿ ತೆರೆಯುತ್ತಾನೆ, ಆ ದಿನವೇ ತಾವು ಮನೆ ಬಿಡಬೇಕು ಎಂದು ಅವಳಿಗೆ ಖಾತ್ರಿಯಾಯಿತು. ಬಡಗಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಅವನು ಆ ಮೂರು ದಿನ ಕೂತು ಅಳಿಯನಿಗೆ ಹೇಳಬೇಕಾದ ಮಾತನ್ನು ಮಸೆದ. ಮಗಳು ಹೋಗುತ್ತಾಳೆ ಎಂದು ಎದೆ ಹಿಂಡುತ್ತಿತ್ತು, ನಾಲಿಗೆ ತನ್ನ ಪಾಡಿಗೆ ತಾನು ಸಿದ್ಧವಾಗುತ್ತಿತ್ತು. ನಮ್ಮ ನಾಲಿಗೆ ನಮ್ಮ ಮಾತು ಕೇಳುವುದಿಲ್ಲ, ಜ್ಞಾನಪ್ರಕಾಶ.

ಶುಭ ಶುಕ್ರವಾರ ಬಂತು. ಮಂಚಕ್ಕೆ ಹೆಗಲು ಕೊಡುವ ನಾಲ್ವರಲ್ಲಿ ಬಡಗಿಯೂ ಒಬ್ಬ. ಅವನ ಅಪ್ಪನ ಕಾಲದಿಂದ ಬಂದ ಹಕ್ಕು ಅದು, ಬಿಡುವಂತಿಲ್ಲ. ತನ್ನ ಶವಪೆಟ್ಟಿಗೆಯ ಮರವನ್ನು ತಾನೇ ಹೆಗಲ ಮೇಲೆ ಹೊತ್ತು ಅವನು ಊರ ಬೀದಿಗಳಲ್ಲಿ ನಡೆದ. ಜನ ಶಿಲುಬೆಯ ಹಾಡು ಹೇಳುತ್ತಿದ್ದರು. ಬಡಗಿ ಹಾಡಲಿಲ್ಲ. ಕಸುಬಿನವನ ಕೈ ಸುಮ್ಮನಿರಲಾರದು. ತಪ್ಪು ಹುಡುಕಲೆಂದೇ ಅದು ಮಂಚದ ಅಡಿಯಲ್ಲಿ ಹರಿದಾಡಿತು.

ತಪ್ಪು ಸಿಗಲಿಲ್ಲ. ಹಲಗೆಗೂ ಕಾಲಿಗೂ ನಡುವೆ ಉಗುರು ತೂರುವಷ್ಟೂ ಸಂದು ಇರಲಿಲ್ಲ. ಒಂದು ಮೊಳೆ ಬಳಸಿರಲಿಲ್ಲ. ಅಳಿಯನ ವಯಸ್ಸಿನಲ್ಲಿ ಬಡಗಿಯೂ ಇಂಥ ಕೆಲಸ ಮಾಡಿರಲಿಲ್ಲ. ಅವನ ಬೆರಳು ಉಳಿಯ ಗುರುತುಗಳ ಮೇಲೆ ಹೋಯಿತು. ಹೋಗಿ ಅಲ್ಲೇ ನಿಂತಿತು. ಬಲಗೈಯಿಂದ ಉಳಿಯ ತಲೆಗೆ ಕೊಡತಿ ಹೊಡೆಯುವವನ ಉಳಿಗುರುತು ಒಂದು ಕಡೆಗೆ ಓರೆಯಾಗಿರುತ್ತದೆ. ಇವು ಅದರ ಎದುರು ಕಡೆಗೆ ಓರೆಯಾಗಿದ್ದವು, ಒಂದಲ್ಲ, ಎಲ್ಲವೂ. ಇದನ್ನು ಮಾಡಿದವನು ಎಡಚ.

ಬಡಗಿಯ ಹೆಜ್ಜೆ ತಪ್ಪಿತು. ಹಿಂದಿನವರು “ಏನಾಯ್ತು?” ಎಂದರು. ಅವನು ಏನೂ ಇಲ್ಲವೆಂದು ತಲೆಯಾಡಿಸಿ ನಡೆದ.

ಶನಿವಾರ ಬೆಳಗ್ಗೆ ಏರಿಯ ಕಡೆ ಹೋಗುತ್ತೇನೆಂದು ಹೇಳಿ ಹೊರಟವನು ಹಿತ್ತಲಿನಿಂದ ಬಂದು ಮರಗೆಲಸದ ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ ಇಣುಕಿದ. ಅಳಿಯ ಒಂಟಿಯಾಗಿ ಕೆಲಸ ಮಾಡುತ್ತಿದ್ದ. ಕೊಡತಿ ಎಡಗೈಯಲ್ಲಿತ್ತು. ಉಳಿ ಗೆರೆಯ ಮೇಲೆ ಹೇಳಿದಂತೆ ನಡೆಯುತ್ತಿತ್ತು. ಬಡಗಿ ಬೇಕೆಂದೇ ಕೆಮ್ಮಿದ. ಕೆಮ್ಮು ಕೇಳಿದ್ದೇ ತಡ, ಇನ್ನಾಸಪ್ಪ ಬೆಚ್ಚಿ ಕೊಡತಿಯನ್ನು ಬಲಗೈಗೆ ಬದಲಾಯಿಸಿದ. ಮುಂದಿನ ಏಟಿಗೆ ಉಳಿ ಗೆರೆ ಬಿಟ್ಟು ಓಡಿತು. ಬಡಗಿ ಒಳಗೆ ಹೋಗದೆ ನಿಜವಾಗಿಯೇ ಏರಿಯ ಕಡೆ ನಡೆದ.

ಪಾಸ್ಕ ಹಬ್ಬದ ಬೆಳಗ್ಗೆ ಪೂಜೆ ಮುಗಿಯಿತು. ಜನ ಒಬ್ಬರಿಗೊಬ್ಬರು ಹಬ್ಬದ ಶುಭಾಶಯ ಹೇಳಿದರು. ಆದರೆ ಯಾರೂ ಮನೆಗೆ ಹೋಗಲಿಲ್ಲ. ಎಲ್ಲರೂ ಯಾವುದೋ ನೆಪ ಹೇಳಿಕೊಂಡು ಬಡಗಿಯ ಮನೆಯ ಕಡೆಗೇ ನಡೆದರು. ತಪಸ್ಸುಕಾಲವಿಡೀ ಕಟ್ಟಿಟ್ಟ ನೀರಿಗೆ ತೂಬು ತೆಗೆಯುವ ದಿನ, ನೋಡದೆ ಇರಲಾದೀತೇ? ಮರದ ವ್ಯಾಪಾರಿ ಮಾತ್ರ ಹಿಂದಿನ ದಿನವೇ ನೆಂಟರ ಊರಿಗೆ ಹೋಗಿಬಿಟ್ಟಿದ್ದ.

ಬಡಗಿ ಬಂದು ಕೆಲಸದ ಮಣೆಯ ಮೇಲೆ ಕೂತ. ಜಗುಲಿಯಲ್ಲಿ ಗಂಟು ಇತ್ತು, ಅದರ ಪಕ್ಕ ಮಗಳು ತಲೆ ತಗ್ಗಿಸಿ ನಿಂತಿದ್ದಳು. ಹೆಂಡತಿ ಅಳುವುದನ್ನೂ ಮರೆತಿದ್ದಳು.

“ಲೋ” ಎಂದ ಬಡಗಿ.

ಇನ್ನಾಸಪ್ಪ ಮುಂದೆ ಬಂದು ನಿಂತ. ಬಡಗಿ ಗಂಟಲು ಸರಿಮಾಡಿಕೊಂಡ. ಅಷ್ಟು ದಿನ ಮಸೆದಿಟ್ಟ ಮಾತುಗಳಿಗಾಗಿ ಬಾಯೊಳಗೆ ತಡಕಾಡಿದ. ಎಲ್ಲವೂ ಅಲ್ಲೇ ಇದ್ದವು, ಒಂದೂ ಕಳೆದಿರಲಿಲ್ಲ. ಆದರೆ ಅವನ್ನೆಲ್ಲ ಹಿಂದಕ್ಕೆ ತಳ್ಳಿ ಬೇರೊಂದು ಮಾತು ಮುಂದೆ ಬಂತು.

“ನೀನು ಎಡಚ ಅಂತ ಯಾಕೋ ಹೇಳಲಿಲ್ಲ?”

ಇನ್ನಾಸಪ್ಪ ಗಾಬರಿಯಾದ. ಇಂಥ ಪ್ರಶ್ನೆಗೆ ಅವನು ಸಿದ್ಧನಾಗಿರಲಿಲ್ಲ. “ಮೊದಲ್ನೇ ದಿನ ಎಡಗೈಯಲ್ಲೇ ಕೊಡತಿ ಹಿಡಿದಿದ್ದೆ ಮಾವ. ಕೊಡತಿ ಹಿಡಿಯೋಕೆ ಬರಲ್ವಾ, ಸರಿಯಾಗಿ ಹಿಡಿ ಅಂತ ಕೂಗಿದ್ರಿ. ಅವತ್ತಿಂದ ಬಲಗೈಲೇ ಹಿಡೀತಿದ್ದೀನಿ” ಎಂದ. ಅವನ ದನಿಯಲ್ಲಿ ದೂರಿರಲಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿದ.

ಬಡಗಿಗೆ ಆ ದಿನ ನೆನಪಿರಲಿಲ್ಲ. ಎಷ್ಟು ನೆನೆದರೂ ನೆನಪಾಗಲಿಲ್ಲ. ತನಗೆ ನೆನಪೂ ಇಲ್ಲದ ಒಂದು ಕೂಗನ್ನು ಈ ಹುಡುಗ ಒಂದು ವರ್ಷ ಕೈಯಲ್ಲಿ ಹೊತ್ತು ದುಡಿದಿದ್ದ. ಬಡಗಿಗೆ ನಾಚಿಕೆಯಾಯಿತು. ಇಷ್ಟು ಜನರೆದುರು ನಾಚಿಕೆಯಾಗುವುದು ಅವನಿಗೆ ಹೊಸದು. ಅವನು ಎದ್ದು ನಿಂತ.

“ಆ ಕಡೆ ಹಿಡಿ” ಎಂದ.

ಇಬ್ಬರೂ ಸೇರಿ ಕೆಲಸದ ಮಣೆಯನ್ನು ಎತ್ತಿದರು. ಭಾರದ ಮಣೆ, ಇಪ್ಪತ್ತು ವರ್ಷದಿಂದ ಒಂದೇ ಜಾಗದಲ್ಲಿ ಕೂತಿದ್ದದ್ದು. ಬಡಗಿ ಅದನ್ನು ತಿರುಗಿಸಿ ಇಡಿಸಿದ. ಈಗ ಎಡಗೈಯಿಂದ ಹೊಡೆಯುವವನ ಕೈ ನೆರಳು ಗೆರೆಯ ಮೇಲೆ ಬೀಳುತ್ತಿರಲಿಲ್ಲ. ಕೊಡತಿ ತೆಗೆದು ಅಳಿಯನ ಎಡಗೈಗೆ ಕೊಟ್ಟ.

“ನನ್ನ ಪೆಟ್ಟಿಗೆಗೆ ಇನ್ನ್ ಮ್ಯಾಲೆ ನೀನೇ ಮರ ಹುಡುಕಬೇಕು” ಎಂದ. ಸ್ವಲ್ಪ ತಡೆದು, “ಅವಸರ ಏನಿಲ್ಲ” ಎಂದು ಸೇರಿಸಿದ.

ಮೊದಲು ನಕ್ಕವಳು ಮಗಳು. ಆಮೇಲೆ ಹೆಂಡತಿ ನಕ್ಕಳು, ನಗುತ್ತಾ ನಗುತ್ತಾ ಕಡೆಗೆ ಅತ್ತಳು. ಬೇಲಿಯಾಚೆ ನಿಂತವರಿಗೆ ನಿರಾಶೆಯಾಯಿತು, ಸಂತೋಷವೂ ಆಯಿತು. ಮಗಳು ಗಂಟನ್ನು ಒಳಗೆ ತೆಗೆದುಕೊಂಡು ಹೋಗಿ ಬಿಚ್ಚಿ ಸೀರೆಗಳನ್ನು ಮತ್ತೆ ಪೆಟ್ಟಿಗೆಯಲ್ಲಿ ಮಡಿಸಿಟ್ಟಳು. ಅಂದು ಆ ಮನೆಯಲ್ಲಿ ನಾಲ್ವರೂ ಒಟ್ಟಿಗೆ ಕೂತು ಹಬ್ಬದ ಊಟ ಮಾಡಿದರು. ಒಂದು ವರ್ಷದಲ್ಲಿ ಮೊದಲ ಸಲ ಅಳಿಯ ಎರಡನೆಯ ಸಲ ಬಡಿಸಿಕೊಂಡ.

ಕತೆ ಮುಗಿಯಿತು. ಚೌರಪ್ಪನವರು ಎದ್ದು ತಮ್ಮ ಹೊದಿಕೆಯನ್ನು ಕೊಡವಿಕೊಂಡರು. ಊಟದ ಹೊತ್ತಾಗಿತ್ತು. ಆ ಕಡೆ ಕಲಿಯುವ ಹುಡುಗರು ತಟ್ಟೆ ಹಿಡಿದು ಸಾಲಾಗಿ ಕೂರುತ್ತಿದ್ದರು.

ಜ್ಞಾನಪ್ರಕಾಶನಿಗೆ ಸಮಾಧಾನವಾಗಲಿಲ್ಲ. “ಆದರೆ ಉಪದೇಶಿಗಳೇ, ಅಷ್ಟು ದಿನವೂ ಬಡಗಿ ಒಳಗೊಳಗೆ ಬೈಯುತ್ತಲೇ ಇದ್ದನಲ್ಲ. ಅವನ ಮನಸ್ಸು ತಿಳಿಯಾಗಿರಲಿಲ್ಲ. ಹೊರಗೆ ತೋರಿಸಿದ್ದು ಕಪಟವೇ ತಾನೇ?” ಎಂದ.

“ಇರಬಹುದು” ಎಂದರು ಚೌರಪ್ಪನವರು, “ಅಳಿಯ ಆ ಮನೆಯಲ್ಲಿ ಉಳಿದದ್ದು ಮಾತ್ರ ಕಪಟವಲ್ಲ.”